ಫೈಲ್ ಅಳಿಸಿದ್ದು, ಸೆರಗು ಎಣಿಸಿದ್ದು

ಸೇಲಂನಲ್ಲಿ ಸೀರೆ ಡಿಸೈನ್ ಮಾಡುವ ಅಂಗಡಿಯೊಂದಕ್ಕೆ ನಾನು ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಮಗ್ಗದ ಹೂಬಳ್ಳಿಗಳೆಲ್ಲ ಈಗ ಫೈಲುಗಳು. ಈ ಭಾಷೆಗೆ ಒಂದು ವಿಚಿತ್ರ ಗುಣ: ಫೈಲಿನ ಕೆಲಸ ಹೇಳಿದರೆ ತಕ್ಷಣ ‘ಪ್ರಾಮಿಸ್’ ಒಂದನ್ನು ಕೈಗಿಟ್ಟು, ಕೆಲಸವನ್ನು ಹಿಂದೆ ನಿಧಾನಕ್ಕೆ ಮಾಡಿಕೊಳ್ಳುತ್ತದೆ. ಮುಗಿಯುವವರೆಗೆ ಕಾಯಬೇಕೆಂದರೆ ‘ಅವೇಟ್’ ಎಂದು ಬರೆಯಬೇಕು. ನಾನು ಮರೆಯುತ್ತೇನೆ. ಮರೆತಾಗಲೆಲ್ಲ ಒಂದಲ್ಲ ಒಂದು ಕತೆ ನಡೆಯುತ್ತದೆ.

1. ಸೇವ್ ಆಯ್ತು

ಪರದೆಯಲ್ಲಿ ‘ಸೇವ್ ಆಯ್ತು’ ಎಂದು ಬಂತು. ಓನರ್ ನಂಬಿ ಕಂಪ್ಯೂಟರ್ ಆಫ್ ಮಾಡಿದರು. ಬೆಳಿಗ್ಗೆ ನೋಡಿದರೆ ಫೈಲ್ ಖಾಲಿ.

“ಎನ್ನಮ್ಮಾ ಇದು? ಆಯ್ತು ಅಂತ ಅದೇ ಏಳ್ತಲ್ಲ!”

“ಕೆಲಸ ಶುರು ಮಾಡಿದ ಕೂಡಲೇ ಏಳ್ಬುಡ್ತದೆ ಸಾರ್, ಮುಗಿಯೋವರ್ಗೂ ಕಾಯಲ್ಲ.”

ಓನರ್ ತಲೆದೂಗಿದರು. “ನಮ್ಮನೆ ಎಲೆಕ್ಟ್ರಿಷಿಯನ್ನನ್ನೂ ಇದೇ ಭಾಷೇಲೇ ಬರ್ದವ್ರೆ. ಬಂದ ಕೂಡಲೇ ‘ಆಯ್ತು ಸಾರ್’ ಅಂತಾನೆ.”

2. ಕಿತ್ತೋದ ಎಳೆ

ನಲವತ್ತು ಫೈಲುಗಳನ್ನು ‘ಪ್ರಾಮಿಸ್ ಆಲ್’ ಎಂದು ಒಟ್ಟಿಗೆ ಓದಿಸಿದೆ. ಒಂದು ಫೈಲ್ ಕೆಟ್ಟಿತ್ತು. ಅದಕ್ಕೇ ಪ್ರೋಗ್ರಾಂ ಎಲ್ಲವನ್ನೂ ಕೈಬಿಟ್ಟಿತು. ಅಂಗಡಿಗೆ ಡಿಸೈನ್ ಬರೆದುಕೊಡುವ ಹಳೇ ನೇಕಾರ ತಾತ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

“ಒಂದೆಳೆ ಕಿತ್ತೋದ್ರೆ ಹಾಸು ಪೂರಾ ಬಿಸಾಕ್ತಾರೇನವ್ವಾ? ಅದೊಂದ್ನ ಗುರ್ತಾಕ್ಕೊಂಡು ಮುಂದುಕ್ಕೋಗು.”

ಹುಡುಕಿದೆ. ಹಾಗೆ ಮಾಡಲಿಕ್ಕೆಂದೇ ‘ಆಲ್ ಸೆಟಲ್ಡ್’ ಎಂಬುದು ನಿಜಕ್ಕೂ ಇತ್ತು. ತಾತನಿಗೆ ಹೇಳಿದೆ.

“ಕಂಪ್ಯೂಟರ್‌ನೋರು ಈಗ್ಲಾದ್ರೂ ಕಲ್ತವ್ರಲ್ಲ” ಎಂದರು.

3. ತಾತನ ಹೂಬಳ್ಳಿ

ಫೈಲುಗಳನ್ನು ಹೊಸ ಡಿಸ್ಕಿಗೆ ನಕಲು ಮಾಡಿ ಹಳೆಯದನ್ನು ಅಳಿಸಬೇಕಿತ್ತು. ಮೊದಲು ಒಂದರಲ್ಲಿ ನೋಡೋಣವೆಂದು ಪಟ್ಟಿಯ ಮೊದಲನೆಯದನ್ನು ತೆಗೆದುಕೊಂಡೆ. ನಕಲಿಗೆ ಅವೇಟ್ ಹಾಕಿರಲಿಲ್ಲ. ನಕಲಾಗುವ ಮೊದಲೇ ಮೂಲ ಹೋಯಿತು.

ಅದು ತಾತ ಪ್ರಾಯದಲ್ಲಿ ಬರೆದ ಹೂಬಳ್ಳಿ. ಮೊಮ್ಮಗಳ ಮದುವೆ ಸೀರೆಗೆ ಅದೇ ಬೇಕೆಂದಿದ್ದರು. ಕಾಗದವನ್ನು ಗೆದ್ದಲು ತಿಂದಿತ್ತು, ಬೇರೆ ಪ್ರತಿ ಇರಲಿಲ್ಲ. ನನಗೆ ಅಳು ಬಂತು. ಅವರ ಮನೆಗೇ ಹೋಗಿ ತಪ್ಪೊಪ್ಪಿಕೊಂಡೆ.

ಅಷ್ಟರಲ್ಲಿ ಅಜ್ಜಿ ಕಾಫಿ ತಂದರು. ತಾತನ ಕಣ್ಣು ಅವರ ಸೆರಗಿನ ಮೇಲೆ ನಿಂತಿತು. ಮಾಸಿದ ಹಳೇ ಸೀರೆ, ಅದೇ ಹೂಬಳ್ಳಿ!

ತಾತ ಭೂತಗನ್ನಡಿ ಹಿಡಿದು ಎಳೆ ಎಣಿಸತೊಡಗಿದರು. ನಾನು ಲ್ಯಾಪ್‌ಟಾಪಿನಲ್ಲಿ ಎಳೆಗೊಂದು ಚೌಕ ತುಂಬುತ್ತಾ ಹೋದೆ.

“ಬ್ಯಾರೆ ಸೀರೆ ಉಟ್ಕೊಂಡು ಇದ್ನ ಕೊಡ್ತೀನಿ” ಎಂದರು ಅಜ್ಜಿ.

“ಅಲ್ಲಾಡ್ಬ್ಯಾಡ, ಎಣಿಕೆ ತಪ್ತೈತೆ!”

ಮಧ್ಯಾಹ್ನದ ಹೊತ್ತಿಗೆ ಹೂಬಳ್ಳಿ ಪೂರ್ತಿಯಾಯಿತು. ಈ ಸಲ ಅವೇಟ್ ಹಾಕಿ ಉಳಿಸಿದೆ. ತಾತ ಕಣ್ಣೊರೆಸಿಕೊಂಡು ಕೈ ತೊಳೆಯಲು ಹೋದರು. ಅಜ್ಜಿ ನನ್ನ ಕಿವಿಗೆ ಬಾಗಿದರು.

“ಮದ್ವೆ ಆದಾಗ್ನಿಂದ ಈ ಮನ್ಸ ನನ್ನ ಇಷ್ಟೊತ್ತು ನೋಡಿದ್ದೇ ಇಲ್ಲ ತಾಯಿ. ಇನ್ನೊಂದು ಡಿಸೈನ್ನೂ ಅಳಿಸ್ಬುಡು.”