ಕಾರ್ಟೂನಿನ ದೆವ್ವವೂ ನಮ್ಮಪ್ಪನ ಎಡೆಯೂ

ನಮ್ಮ ಮನೆಗೆ ದುಃಖ ಬಂದರೂ ಒಬ್ಬಂಟಿಯಾಗಿ ಬರುವುದಿಲ್ಲ, ಜೊತೆಗೆ ಒಂದು ಪೇಚಾಟವನ್ನು ಕರೆದುಕೊಂಡೇ ಬರುತ್ತದೆ. ಅಳೋಣ ಅಂತ ಕೂತರೆ ಯಾರಾದರೂ ನಗಿಸಿಬಿಡುತ್ತಾರೆ. ನಕ್ಕ ಮೇಲೆ ಅಪ್ಪ ಇಲ್ಲವಲ್ಲ ಅಂತ ನೆನಪಾಗಿ ಇನ್ನಷ್ಟು ಸಂಕಟವಾಗುತ್ತದೆ. ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಿತೃಪಕ್ಷದಲ್ಲೂ ಹಾಗೇ ಆಯಿತು. ಅದಕ್ಕೆಲ್ಲ ಕಾರಣ ಟೀವಿಯಲ್ಲಿ ಬಂದ ಒಂದು ಕಾರ್ಟೂನು.

೧. ದೆವ್ವದ ಪಾಯಸ

ನಮ್ಮದು ಪಾಂಡವಪುರದ ಕಡೆ ಒಂದು ಹಳ್ಳಿ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಅವ್ವ, ಮೂರನೇ ಕ್ಲಾಸಿನ ನನ್ನ ಮಗಳ ಪಕ್ಕ ಕೂತು ಕಾರ್ಟೂನು ನೋಡುತ್ತಾಳೆ. ಅಪ್ಪ ಹೋದ ಮೇಲೆ ಆದ ಅಭ್ಯಾಸ ಅದು. ಅಕ್ಕ ತಮ್ಮ ಇಬ್ಬರು ಸೇರಿ ದೆವ್ವ ಹಿಡಿಯುವ ಧಾರಾವಾಹಿ. ಆವತ್ತಿನ ಕಂತಿನಲ್ಲಿ ಅವರು ಟಾರ್ಚು ಹಿಡಿದು ಒಂದು ಹಳೇ ಬಂಗಲೆಗೆ ನುಗ್ಗಿದರು.

"ಚಪ್ಪಲಿನಾರ ಬುಟ್ಟು ಒಳಕ್ಕೋಗ್ಬಾರ್ದಾ ಇವು?" ಅಂದಳು ಅವ್ವ.

ಅಡುಗೆಮನೆಯಲ್ಲಿ ಒಬ್ಬ ಮುದುಕನ ದೆವ್ವ ಅಳುತ್ತಿತ್ತು. "ತಾತಾ, ನಿಮ್ಮ ಕೊನೆಯ ಆಸೆಯೇನು?" ಎಂದು ಆ ಅಕ್ಕ ಪುಸ್ತಕದ ಕನ್ನಡದಲ್ಲಿ ಕೇಳಿದಳು. ಅದಕ್ಕೆ ಪಾಯಸ ಬೇಕಿತ್ತಂತೆ. ಮಾಡಿಕೊಟ್ಟರು. ದೆವ್ವ ಕುಡಿದು, ನಕ್ಕು, ಹೊಗೆಯಾಗಿ ಕಿಟಕಿಯಿಂದ ಆಚೆ ಹೋಯಿತು.

"ಮತ್ತೆ ಯಾವಾಗ ಬತ್ತದೆ?" ಅಂತ ಅವ್ವ ಕೇಳಿದಳು.

"ಬರಲ್ಲ ಅಜ್ಜಿ. ಆಸೆ ತೀರಿದ್ ಮೇಲೆ ದೆವ್ವ ಯಾವತ್ತೂ ಬರಲ್ಲ. ಅದೇ ರೂಲ್ಸು."

ಅವ್ವನ ಮುಖ ಸಣ್ಣಗಾಯಿತು. ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಫೋಟೋದ ಮುಂದೆ ಎಡೆ ಇಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ. ಅಪ್ಪ ಬರುತ್ತಾರೆ ಅನ್ನುವುದರಲ್ಲಿ ಅವ್ವನಿಗೆ ಅನುಮಾನವೇ ಇರಲಿಲ್ಲ. ಆದರೆ ಒಂದು ಸಲ ಉಂಡು ತೃಪ್ತಿಯಾದರೆ ಮತ್ತೆ ಬರುವುದೇ ಇಲ್ಲವಾ ಅನ್ನೋ ಭಯ ಆವತ್ತು ಹತ್ತಿತು.

"ಆರ್ಸು ಅತ್ಲಾಗೆ," ಅಂದಳು. "ಊಟುಕ್ ಬಂದೋರ್ನ ಇನ್ಮೇಲೆ ಬರ್ದಂಗ್ ಮಾಡ್ಬುಟ್ಟು ಗೆದ್ದೋ ಅಂತ ಕುಣೀತವೆ, ಮುಂಡೇವು!"

೨. ಕಂಬಳಿಯೊಳಗಿನ ದೆವ್ವ

ನನ್ನ ಅಕ್ಕನನ್ನು ಕೊಟ್ಟಿರುವುದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಗೆ. ಹಬ್ಬಕ್ಕೆ ಮುಂಚೆಯೇ ಅಕ್ಕ ಭಾವ ಬಂದಿದ್ದರು. ಭಾವ ಮಧ್ಯಾಹ್ನ ಉಂಡು, ತಲೆತನಕ ಕಂಬಳಿ ಹೊದ್ದು ಪಡಸಾಲೆಯಲ್ಲಿ ಮಲಗಿದ್ದರು. ಗೊರಕೆಗೆ ಕಂಬಳಿ ಏಳುತ್ತಿತ್ತು, ಇಳಿಯುತ್ತಿತ್ತು.

ನನ್ನ ಮಗಳು ಟಾರ್ಚು ಹಿಡಿದು ಹತ್ತಿರ ಹೋಗಿ ಗಂಭೀರವಾಗಿ ಕೇಳಿದಳು: "ನಿಮ್ಮ ಕೊನೆಯ ಆಸೆಯೇನು?"

ಕಂಬಳಿಯೊಳಗಿಂದ ಉತ್ತರ ಬಂತು: "ಕಾಫಿ ಕಣವ್ವ."

ಓಡಿ ಹೋಗಿ ಅವಳಮ್ಮನಿಂದ ಕಾಫಿ ಮಾಡಿಸಿ ತಂದಳು. ಭಾವ ಎದ್ದು ಕೂತು ಕುಡಿದರು. ಅವಳು ಹೊಗೆಗಾಗಿ ಕಾದಳು. ಭಾವ ಲೋಟ ಕೆಳಗಿಟ್ಟು, "ಮಿಕ್ಚರ್ ಇದ್ರೆ ವಸಿ ತತ್ತಾ ಮಗ," ಅಂದರು. ಆಸೆ ತೀರಿದರೆ ದೆವ್ವ ಹೋಗುತ್ತದೆ, ಅಳಿಯ ಹೋಗುವುದಿಲ್ಲ ಅನ್ನುವುದು ಅವಳಿಗೆ ಆವತ್ತು ಗೊತ್ತಾಯಿತು.

ಎಲ್ಲರೂ ನಕ್ಕೆವು. ಅವ್ವ ಮಾತ್ರ, "ಉಂಡ್ಮೇಲೂ ಇರೋರು ಪುಣ್ಯವಂತ್ರು," ಅಂತ ಎದ್ದು ಹೋದಳು.

೩. ಸ್ಕೂಟರ್ ಬಿಡದ ಕಾಗೆ

ನಾನು ಶ್ರೀರಂಗಪಟ್ಟಣದ ಒಂದು ಆಫೀಸಿನಲ್ಲಿ ಗುಮಾಸ್ತ. ಪಕ್ಕದ ಮೇಜಿನವರು ದೇವಸ್ಥಾನದ ಪೂಜೆಯ ಮನೆತನದವರು. "ಅವರ್ನಾರ ಒಂದ್ ಮಾತ್ ಕೇಳ್ಕಬಾ," ಅಂತ ಅವ್ವ ಬೆನ್ನು ಹತ್ತಿದ್ದರಿಂದ ಕೇಳಿದೆ. ಆಸೆ ತೀರಿದವರು ಮತ್ತೆ ಬರುತ್ತಾರಾ ಅಂತ.

ಅವರು ಊಟದ ಡಬ್ಬಿ ಮುಚ್ಚಿ ಯೋಚಿಸಿದರು. "ಶಾಸ್ತ್ರ ನಮ್ಮಣ್ಣನಿಗೆ ಗೊತ್ತು. ನಾನು ಕಂಡದ್ದು ಹೇಳ್ತೀನಿ. ನಮ್ಮಪ್ಪನಿಗೆ ಹೊಳೆ ದಡದಲ್ಲಿ ಪಿಂಡ ಇಟ್ವಿ. ಕಾಗೆ ಮರದ ಮೇಲೇ ಕೂತಿತ್ತು, ಇಳೀಲಿಲ್ಲ. 'ಅಮ್ಮನ್ನ ಚೆನ್ನಾಗಿ ನೋಡ್ಕೋತೀವಿ ಬಾಪ್ಪಾ' ಅಂತ ಅಣ್ಣ ಕೈ ಮುಗಿದ. ಊಹೂಂ. ಕೊನೆಗೆ ಹಿಂದಿನಿಂದ ಅಮ್ಮ, 'ರೀ, ನಿಮ್ಮ ಸ್ಕೂಟರ್ ಮಾರಲ್ಲ, ಬನ್ರೀ' ಅಂದ್ರು. ಪಟ್ಟನೆ ಇಳೀತು."

"ಆಮೇಲೆ?"

"ಆಮೇಲೇನು, ಅಮ್ಮ ಆ ಕಾಗೆ ಜೊತೆ ಮಾತು ಬಿಟ್ರು!"

ಮನೆಗೆ ಬಂದು ಹೇಳಿದರೆ ಅವ್ವ ನಗಲಿಲ್ಲ. "ಸ್ಕೂಟ್ರು ಬಾಕಿ ಉಳ್ದಿತ್ತು ಅಂತ್ಲೇ ಬಂದ್ರಾ?" ಅಂದಳು. "ಹೂಂ," ಅಂದೆ. ಹಸುವಿಗೆ ಹುಲ್ಲು ಹಾಕಲು ಹೊರಟುಹೋದಳು.

೪. ಅಪ್ಪನ ಎಡೆ

ಹಬ್ಬದ ದಿನ ಅವ್ವ ಒಲೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಮುದ್ದೆ, ನಾಟಿ ಕೋಳಿ ಸಾರು, ವಡೆ, ಕಜ್ಜಾಯ, ಎಲ್ಲ ಎಲೆಗೆ ಬಂತು. ಹೊಸ ಪಂಚೆ, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟ್ಲಿಯೂ ಬಂತು. ಅಕ್ಕ ಎಲೆಯನ್ನು ಎರಡೆರಡು ಸಲ ನೋಡಿ, "ಅವ್ವಾ, ಬೋಟಿ ಗೊಜ್ಜೆಲ್ಲಿ?" ಅಂದಳು.

ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಆ ಕುರಿ ಕರುಳಿನ ಗೊಜ್ಜೊಂದನ್ನೇ. ಡಾಕ್ಟರು ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಅಂದಿದ್ದರು. ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು, ಹಾಗೇ ಹೋದರು.

ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಿಂದ ಬಂದಿದ್ದ ಸೋದರತ್ತೆ, ಅಪ್ಪನ ತಂಗಿ, ಕೂಗಾಡಿಬಿಟ್ಟಳು. "ನಮ್ಮಣ್ಣ ಬೋಟಿ ಬೋಟಿ ಅಂತ್ಲೇ ಪ್ರಾಣ ಬುಟ್ಟ. ಇವತ್ತೂ ಮಾಡ್ನಿಲ್ವಲ್ಲ ಅತ್ತಿಗೆ, ನಿಂಗೇನ್ ಕರುಳಿಲ್ವಾ?"

ನನಗೂ ಸಿಟ್ಟು ಬಂದಿತ್ತು. ಅವ್ವ ಪಂಚೆಯ ಮಡಿಕೆ ಸರಿ ಮಾಡುತ್ತಾ ತಣ್ಣಗೆ ಹೇಳಿದಳು: "ಅದೊಂದ್ ತಿಂದ್ಬುಟ್ರೆ ಆಸೆ ತೀರೋಯ್ತದೆ ಕಣವ್ವ. ಮುಂದಿನ್ ವರ್ಸ ಬರಾದ್ ಬ್ಯಾಡ್ವಾ?"

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಅಂಗಂತ ನಮ್ಮಣ್ಣ ಯಾವತ್ತೂ ಬೋಟಿ ತಿನ್ನಾದೇ ಬ್ಯಾಡ್ವಾ?" ಅಂದಳು.

"ತಿನ್ಲಿ. ನಾನೂ ಸತ್ಮೇಲೆ ಇಬ್ರೂ ಒಟ್ಗೇ ಬತ್ತೀವಿ. ಅವಾಗ ಮಾಡಿಕ್ಕಿ."

ಅವ್ವ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದಳು. ಎಳೆದವಳು ಏನೋ ಯೋಚನೆ ಬಂದಂತೆ ನನ್ನ ಹೆಂಡತಿಯ ಕಡೆ ತಿರುಗಿದಳು.

"ಅವಾಗ ಬೋಟಿಗೆ ಕಾರ ವಸಿ ಕಮ್ಮಿ ಆಕವ್ವ. ಅವ್ರಿಗಾಯ್ತದೆ, ನಂಗಾಗಕಿಲ್ಲ."