ಎಣ್ಣೆ ಚೀಟಿ

"ಬೀಡಿ ಮುಟ್ಟಿಲ್ಲ, ಗುಟ್ಕಾ ಮುಟ್ಟಿಲ್ಲ, ಹೊಗೆಸೊಪ್ಪು ಮೂಸೂ ಇಲ್ಲ. ನಂಗ್ಯಾಕೆ ಕ್ಯಾನ್ಸರ್ ಬತ್ತದೆ? ನಿಮ್ಮಪ್ಪನ ಮನೆಯಿಂದ ಬತ್ತದಾ?"

"ಕುಡಿಯೋ ಬಾಯ್ಗೂ ಬತ್ತದಂತೆ. ಹತ್ತು ದಿನದಿಂದ ನಾಲಿಗೆ ಪಕ್ಕ ಹುಣ್ಣು ಮಡಿಕ್ಕೊಂಡು, ಸಾರು ಖಾರ ಅಂತ ನನ್ ಮೇಲೆ ಎಗರ್ತೀರಲ್ಲ," ಎಂದಳು ಭಾಗ್ಯಮ್ಮ.

"ಸೂಜಿ ಚುಚ್ಚೋಕ್ ಮುಂಚೆ ಡಾಕ್ಟ್ರು ಸ್ಪಿರಿಟ್ ಒರೆಸಲ್ವಾ? ನಾನು ಒಳಗಡೆ ಒರೆಸ್ಕೊತೀನಿ, ಅಷ್ಟೇಯ."

ಮಾಕಳಿಯ ಆ ಮನೆಯಲ್ಲಿ ಚಿಕ್ಕಬೈರಪ್ಪನ ದನಿ ಬೆಳಗ್ಗೆ ಏಳಕ್ಕೇ ಕುಕ್ಕರಿನ ಸೀಟಿಯನ್ನು ಮೀರಿಸಿತ್ತು. ಇಪ್ಪತ್ತೆರಡು ವರ್ಷದಿಂದ ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸಿದವನು. ಅದರ ಸದ್ದಿನ ಮೇಲೆ ಕೂಗಿ ಕೂಗಿ, ಅವನು ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುತ್ತಿತ್ತು. ದಿನಾ ಸಂಜೆ ಅವನಿಗೆ ಒಂದು ಕ್ವಾರ್ಟರ್ ವಿಸ್ಕಿ ಬೇಕೇ ಬೇಕು. ಅದನ್ನು ಬಿಡಿಸಲು ಭಾಗ್ಯಮ್ಮನಿಗೆ ಈಗ ಹುಣ್ಣು ಸಿಕ್ಕಿತ್ತು.

"ಇವತ್ತು ನಿಮ್ ಕಂಪ್ನಿಗೆ ಹಲ್ಲಿನ ಡಾಕ್ಟ್ರು ಬತ್ತಾರಲ್ಲ. ಎಣ್ಣೆಯಿಂದ ತೊಂದ್ರೆ ಇಲ್ಲ ಅಂತ ಬರಸ್ಕೊಂಡ್ ಬನ್ನಿ. ನಾನೇ ಲೋಟಕ್ಕೆ ಬಗ್ಗಿಸ್ಕೊಡ್ತೀನಿ. ಇಲ್ದಿದ್ರೆ ಇವತ್ತಿಂದ ಬಂದ್."

"ಚೀಟೀಲಿ ಏನ್ ಬರ್ದಿರ್ತದೋ ಅಂಗೇ ನಡೀತೀನಿ. ಮಾತು ಅಂದ್ರೆ ಮಾತು."

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಡಾಕ್ಟರ್ ದಿವ್ಯಾ ಅವನ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದಳು. "ಹಲ್ಲಿನ ತುದಿ ಮುರಿದು ಚೂಪಾಗಿದೆ. ಅದು ಉಜ್ಜಿ ಹುಣ್ಣಾಗಿರೋ ಹಾಗಿದೆ," ಎಂದು ಹಲ್ಲನ್ನು ಉಜ್ಜಿ ನಯ ಮಾಡಿದಳು. "ಎರಡು ವಾರದಲ್ಲಿ ಮಾಯದಿದ್ರೆ ಆಸ್ಪತ್ರೆಗೆ ಬಂದು ಪರೀಕ್ಷೆ ಮಾಡಿಸಲೇಬೇಕು. ಮದ್ಯಪಾನ ಮಾಡ್ತೀರಾ?"

ಮದ್ಯಪಾನ ಎಂಬ ಮಾತನ್ನು ಅವನು ಗೋಡೆಬರಹದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. "ಛೆ ಛೆ, ಇಲ್ಲ ಮೇಡಂ."

"ಒಳ್ಳೇದು. ತಂಬಾಕು ಮುಟ್ಟದವರಿಗೂ ಕುಡಿತದಿಂದ ಬಾಯಿ ಕ್ಯಾನ್ಸರಿನ ಅಪಾಯ ಜಾಸ್ತಿ. ಕುಡಿದಷ್ಟೂ ಜಾಸ್ತಿ. ಎರಡೂ ಸೇರಿದ್ರಂತೂ ಕೇಳೋದೇ ಬೇಡ."

ಚಿಕ್ಕಬೈರಪ್ಪನ ಗಂಟಲು ಒಣಗಿತು. ಗಂಟಲು ಒಣಗಿದಾಗ ಅವನಿಗೆ ನೆನಪಾಗುತ್ತಿದ್ದುದು ಒಂದೇ. ಜೊತೆಗೇ ಒಂದು ಉಪಾಯವೂ ಹೊಳೆಯಿತು.

"ಮೇಡಂ, ಎಣ್ಣೆ ಬಾಯಿಗೆ ಹಾಕ್ಕೊಂಡ್ರೆ?"

"ಎಳ್ಳೆಣ್ಣೆ ತಾನೆ? ಮುಕ್ಕಳಿಸಿ, ತೊಂದ್ರೆ ಇಲ್ಲ. ಆದ್ರೆ ಅದೇ ಔಷಧಿ ಅಂದ್ಕೊಬೇಡಿ."

"ಒಂಚೂರು ಬರ್ದುಕೊಡಿ ಮೇಡಂ, ಮನೇಲಿ ನಂಬಲ್ಲ. ಬರೀ ಎಣ್ಣೆ ಅಂತ ಹಾಕಿ ಸಾಕು. ಎಳ್ಳು ಗಿಳ್ಳು ಅವಳಿಗೇ ಗೊತ್ತಾಗ್ತದೆ."

ಪಾಪ, ಆಕೆ ಬರೆದುಕೊಟ್ಟಳು. "ಎಣ್ಣೆಯಿಂದ ತೊಂದರೆ ಇಲ್ಲ. ದಿನಾ ಬಳಸಬಹುದು." ಕೆಳಗೆ ಸಹಿ, ಸೀಲು. ಸೀಲು ಕಂಡ ಮೇಲೆ ಅವನು ಮುಂದೆ ಓದುವ ಗೋಜಿಗೇ ಹೋಗಲಿಲ್ಲ. ಚೀಟಿಯನ್ನು ತಲೆಯ ಮೇಲೆತ್ತಿ, ಚುನಾವಣೆ ಗೆದ್ದ ಪಂಚಾಯ್ತಿ ಮೆಂಬರನಂತೆ ಮೆಷಿನ್‌ಗಳ ಸಾಲಿನಲ್ಲಿ ನಡೆದ.

"ಅಣ್ಣ, ಇದು ಚೀಟಿ ಅಲ್ಲ, ಬಾರ್ ಲೈಸೆನ್ಸು," ಎಂದ ಪಕ್ಕದ ಮೆಷಿನ್ನಿನ ಈರೇಶ್. ಒಂಬತ್ತು ಜನ ಅದರ ಫೋಟೊ ಹೊಡೆದು ತಮ್ಮ ತಮ್ಮ ಹೆಂಡತಿಯರಿಗೆ ಕಳಿಸಿದರು. ಸೂಪರ್‌ವೈಸರ್ ಬೈಯಲು ಬಂದವನು ತಾನೂ ಒಂದು ಜೆರಾಕ್ಸ್ ಕೇಳಿದ. ಮಧ್ಯಾಹ್ನ ಊಟಕ್ಕೆ ಚಿಕ್ಕಬೈರಪ್ಪನ ತಟ್ಟೆಗೆ ಎಲ್ಲರ ಡಬ್ಬಿಯಿಂದಲೂ ಪಲ್ಯ ಬಿತ್ತು.

ಸಂಜೆ ಗೆಲುವಿನ ಸಂಭ್ರಮಕ್ಕೆ ಈರೇಶನೂ ಹುರಿದ ಕಡ್ಲೆಕಾಯಿ ಹಿಡಿದು ಮಾಕಳಿಗೆ ಬಂದ. ಚಿಕ್ಕಬೈರಪ್ಪ ಕಾಲ ಮೇಲೆ ಕಾಲು ಹಾಕಿ ಕೂತು, ಚೀಟಿಯನ್ನೂ ಕ್ವಾರ್ಟರನ್ನೂ ಹೆಂಡತಿಯ ಮುಂದಿಟ್ಟ. "ಬಗ್ಗಿಸು."

ಭಾಗ್ಯಮ್ಮ ಓದಿದಳು. ಆಮೇಲೆ ಚೀಟಿ ತಿರುಗಿಸಿ ಹಿಂದುಗಡೆಯನ್ನೂ ಜೋರಾಗಿ ಓದಿದಳು. "ಒಂದು ಚಮಚ. ಹತ್ತು ನಿಮಿಷ ಮುಕ್ಕಳಿಸಿ. ಒಂದು ಹನಿಯೂ ನುಂಗಬಾರದು. ಪೂರ್ತಿ ಉಗುಳಬೇಕು."

ಮುಚ್ಚಳ ತಿರುಗಿಸಿ ಒಂದು ಚಮಚ ಅಳೆದಳು. ಗಂಡನ ಮುಂದೆ ಬೋಗುಣಿ ಇಟ್ಟಳು. "ಬಾಯ್ ತೆಗೀರಿ. ಡಾಕ್ಟ್ರು ಬರ್ದವ್ರೆ."

ಚಿಕ್ಕಬೈರಪ್ಪ ಚಮಚ ನೋಡಿದ, ಬೋಗುಣಿ ನೋಡಿದ.

"ಲೇ, ವಿಸ್ಕಿ ಯಾವನಾದ್ರೂ ಉಗುಳ್ತಾನೇನೇ? ಆಯಮ್ಮ ಹೇಳಿದ್ದು ಎಳ್ಳೆಣ್ಣೆ ಕಣೇ."

ಬಾಯಿಂದ ಜಾರಿದ ಮೇಲೆ ಅವನಿಗೇ ಗೊತ್ತಾಯಿತು. ಈರೇಶನ ಕೈಯಲ್ಲಿದ್ದ ಕಡ್ಲೆಕಾಯಿ ಅರ್ಧದಾರಿಯಲ್ಲೇ ನಿಂತಿತು.

"ಅಂಗನ್ನಿ," ಎಂದಳು ಭಾಗ್ಯಮ್ಮ ತಣ್ಣಗೆ. "ಮತ್ತೆ ಇದರ ಬಗ್ಗೆ ಏನಂದ್ರು?"

"ಅದು... ಕ್ಯಾನ್ಸರ್‌ಗೆ ದಾರಿ ಅಂದ್ರು."

ಚಮಚದಲ್ಲಿದ್ದದ್ದೂ ಸೇರಿ ಇಡೀ ಕ್ವಾರ್ಟರ್ ಗಳಗಳನೆ ಬಚ್ಚಲಿಗೆ ಹೋಯಿತು. ಅಡುಗೆಮನೆಯಿಂದ ಎಳ್ಳೆಣ್ಣೆ ಬಂತು. ಮಾತು ಅಂದರೆ ಮಾತು. ಅವನು ಬಾಯಿ ತೆರೆದ. ಕೆನ್ನೆ ಎರಡೂ ಓಲಗದವನ ಕೆನ್ನೆಯಂತೆ ಉಬ್ಬಿದವು. ಗಂಡ ಹತ್ತು ನಿಮಿಷ ಎದುರು ಮಾತಾಡಲಾಗದೆ ಕೂತದ್ದು ಭಾಗ್ಯಮ್ಮನಿಗೆ ಮದುವೆಯಾದ ಮೇಲೆ ಇದೇ ಮೊದಲು. ಆಕೆ ಗಡಿಯಾರ ನೋಡಿ, ಸೆರಗು ಸಿಕ್ಕಿಸಿ, ಎದುರಿಗೇ ಕುರ್ಚಿ ಎಳೆದು ಕೂತಳು. "ಮದುವೆ ದಿನದಿಂದ ಶುರು ಮಾಡ್ತೀನಿ," ಎಂದಳು.

ಈರೇಶ್ ಮೆಲ್ಲಗೆ ಎದ್ದ. "ಗಾಡಿಗೆ ಬೀಗ ಹಾಕ್ಬುಟ್ ಬತ್ತೀನಿ ಅಕ್ಕ."

ಚಪ್ಪಲಿ ಸದ್ದಾಯಿತು. ಗಾಡಿ ಶುರುವಾಯಿತು. ಸದ್ದು ತುಮಕೂರು ರಸ್ತೆಯ ಕಡೆ ಸಣ್ಣಗಾಗುತ್ತ ಹೋಯಿತು. ಕೂಗಿ ಕರೆಯಲು ಚಿಕ್ಕಬೈರಪ್ಪನಿಗೆ ಇನ್ನೂ ಎಂಟು ನಿಮಿಷ ಬಾಕಿ ಇತ್ತು. ಈರೇಶ್ ಆ ಮನೆಯ ಹೊಸಿಲನ್ನು ಮತ್ತೆ ತುಳಿಯಲಿಲ್ಲ.