ಆರ್ವಿಡ್ ಕೆತ್ತಿದ ಜುಕಿನಿ

ಮಿನೆಸೋಟಾದ ನಮ್ಮ ಟ್ವಿನ್ ಎಲ್ಮ್ ಊರಿನಲ್ಲಿ ಯಾರೂ ಕಾರಿಗೆ ಬೀಗ ಹಾಕುವುದಿಲ್ಲ. ಹಾಕಿದರೆ ಅಕ್ಕಪಕ್ಕದವರನ್ನು ಕಳ್ಳರೆಂದ ಹಾಗೆ. ಆದರೆ ಆಗಸ್ಟ್ ಬಂತೆಂದರೆ ಇಗರ್ಜಿಯ ಪಾದ್ರಿಯಮ್ಮನೂ ಬೀಗ ಹಾಕುತ್ತಾರೆ. ಕಳ್ಳರ ಭಯಕ್ಕಲ್ಲ, ಜುಕಿನಿಯ ಭಯಕ್ಕೆ. ಸೌತೆಕಾಯಿಯ ದಾಯಾದಿಯಂತಿರುವ ಈ ಕಾಯಿ ಒಮ್ಮೆ ಬಿಡತೊಡಗಿದರೆ ನಿಲ್ಲುವ ಮಾತೇ ಇಲ್ಲ. ಸೂಪಿಗೆ ಹಾಕಿ, ಕೇಕಿಗೆ ತುರಿದು, ಉಪ್ಪಿನಲ್ಲಿ ನೆನೆಸಿ, ಇನ್ನೂ ಉಳಿದದ್ದನ್ನು ಯಾರದೋ ಕಾರಿನ ಸೀಟಿನ ಮೇಲೋ ಜಗಲಿಯ ಕುರ್ಚಿಯ ಮೇಲೋ ಇಟ್ಟು ತಲೆ ತಗ್ಗಿಸಿಕೊಂಡು ಓಡಿಬರುವುದು ನಮ್ಮೂರಿನ ಪದ್ಧತಿ. ಸಿಕ್ಕವರು ಬೈದುಕೊಂಡು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ.

ಇಂಥ ಊರಿನಲ್ಲೇ ಹುಟ್ಟಿ ಬೆಳೆದ ಆರ್ವಿಡ್ ಟಾಲೆಫ್ಸನ್, ಕೌಂಟಿ ಮೇಳದ ಸ್ಪರ್ಧೆಯ ದಿನ ಬೆಳಿಗ್ಗೆ ಒಂದು ಜುಕಿನಿಯನ್ನು ಕಾರಿನ ಮುಂದಿನ ಸೀಟಿನ ಮೇಲಿಟ್ಟು, ಒಳ್ಳೆಯ ಅಂಗಿ ಹಾಕಿಕೊಂಡು ಬರೋಣವೆಂದು ಒಳಗೆ ಹೋದ. ಬೀಗ ಹಾಕಲಿಲ್ಲ. ಅವನು ಮಾಡಿದ ತಪ್ಪು ಅಷ್ಟೇ.

ಅದು ಮರದ ಜುಕಿನಿ. ಆರ್ವಿಡ್ ತನ್ನ ಕೈಯಾರೆ ಕೆತ್ತಿದ್ದು.

ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದವನು ನಿವೃತ್ತನಾದ ಮೊದಲ ಚಳಿಗಾಲದಲ್ಲಿ ಕಿಟಕಿಯ ಬಳಿ ಕೂತು, ರಸ್ತೆಯಲ್ಲಿ ಹೋಗುವವರೆಲ್ಲ ಗಾಡಿ ಓಡಿಸುವ ರೀತಿಗೆ ತಪ್ಪು ಹಿಡಿಯತೊಡಗಿದ. ಹೆಂಡತಿ ಮಾರ್ಲಿಸ್ ಒಂದು ತಿಂಗಳು ತಡೆದುಕೊಂಡಳು. ಆಮೇಲೆ ಅವನನ್ನು ಹಿರಿಯರ ಕೇಂದ್ರದ ಮರಗೆತ್ತನೆ ತರಗತಿಗೆ ಅಟ್ಟಿದಳು. ಅಲ್ಲಿ ಕಲಿಸುತ್ತಿದ್ದವನು ಕ್ಷೌರದಂಗಡಿಯ ಡೆಲ್ಬರ್ಟ್. ಎಲ್ಲರೂ ಬಾತುಕೋಳಿ ಕೆತ್ತಿದರು, ಆರ್ವಿಡ್ ಕೂಡ ಕೆತ್ತಿದ. ಡೆಲ್ಬರ್ಟ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ:

"ಚೆನ್ನಾಗಿದೆ ಕಣಯ್ಯ. ಇನ್ನೊಂದು ಕಾಲಿಂದೂ ಮಾಡ್ಬಿಟ್ರೆ ಹಾಕ್ಕೊಂಡು ಓಡಾಡಬಹುದು."

ಅಂದಿನಿಂದ ಆರ್ವಿಡ್ ತನ್ನ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಒಬ್ಬನೇ ಕೆತ್ತಿದ. ಜುಕಿನಿಗೆ ಕೊಕ್ಕಿಲ್ಲ, ರೆಕ್ಕೆಯಿಲ್ಲ ಎಂಬ ಧೈರ್ಯದಿಂದ ಕೈ ಹಾಕಿದ್ದು ನಿಜ. ಆದರೆ ಕೆತ್ತುತ್ತ ಕೆತ್ತುತ್ತ ಅವನಿಗೆ ಹುಚ್ಚು ಹಿಡಿಯಿತು. ತಿಳಿಹಸಿರು ಗೀರುಗಳು, ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು, ಕೊಯ್ದ ತೊಟ್ಟಿನ ಏಣುಗಳು, ಹೂವು ಉದುರಿದ ಜಾಗದ ಗಾಯ, ಒಂದನ್ನೂ ಬಿಡದೆ ಕೆತ್ತಿ ಬಣ್ಣ ಬಳಿದ. ಕೈಗೆ ಹಗುರ ಅನ್ನಿಸಿದಾಗ ಒಳಗೆ ತೂತು ಕೊರೆದು, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿ ಮುಚ್ಚಿದ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ತನ್ನ ಬೆರಳುಗಳಿಗೆ ಇಷ್ಟೆಲ್ಲ ಗೊತ್ತಾಗುತ್ತದೆಂದು ಅವನೇ ನಂಬಿರಲಿಲ್ಲ. ಮುಗಿದ ದಿನ ಗ್ಯಾರೇಜಿನಲ್ಲಿ ಒಬ್ಬನೇ ನಿಂತು ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ.

ಅವನಿಗೆ ಬೇಕಾಗಿದ್ದು ಮೇಳದ ಕೆತ್ತನೆ ವಿಭಾಗದಲ್ಲಿ ಒಂದೇ ಒಂದು ರಿಬ್ಬನ್. ಅವರ ಊಟದ ಕೋಣೆಯ ಗೋಡೆ ತುಂಬ ಮಾರ್ಲಿಸ್ ಮೇಳದಲ್ಲಿ ಗೆದ್ದ ರಿಬ್ಬನ್ನುಗಳಿದ್ದವು. ಉಪ್ಪಿನಕಾಯಿಗೆ ನೀಲಿ, ಅಂದರೆ ಮೊದಲನೆಯದು. ಸೇಬಿನ ಪೈಗೆ ನೀಲಿ. ಜುಕಿನಿಯ ಮಟ್ಟಿಗೆ ಮಾತ್ರ ವರ್ಷವರ್ಷವೂ ಎರಡನೆಯ ಸ್ಥಾನದ ಕೆಂಪು, ಏಕೆಂದರೆ ನೀಲಿ ಎದುರುಮನೆಯ ಲವಾನ್‌ಗೆ ಹೋಗುತ್ತಿತ್ತು. ಆ ಗೋಡೆಯಲ್ಲಿ ತನ್ನದೂ ಒಂದು ಮೊಳೆ ಇರಬೇಕೆಂದು ಆರ್ವಿಡ್ ಹಟ ತೊಟ್ಟಿದ್ದ. ಗೆದ್ದು ತಂದು ಮಾರ್ಲಿಸ್ ಮುಂದೆ ಹಿಡಿಯುವವರೆಗೆ ಬಾಯಿ ಬಿಡುವುದಿಲ್ಲವೆಂದೂ ತೀರ್ಮಾನಿಸಿದ್ದ.

ಅಂಗಿ ಹಾಕಿಕೊಂಡು ಹೊರಗೆ ಬಂದರೆ ಕಾರೇ ಇಲ್ಲ. ತನ್ನ ತರಕಾರಿ, ಪೈಗಳನ್ನು ಮೇಳಕ್ಕೆ ಕೊಟ್ಟು ಮಾರ್ಲಿಸ್ ಹಿಂದಿರುಗುವ ಹೊತ್ತಿಗೆ ಅವನು ಅತ್ತಿಂದಿತ್ತ ನಡೆದು ಅಂಗಳವನ್ನೆಲ್ಲ ಸವೆಸಿದ್ದ.

"ಸೀಟಿನ ಮೇಲೆ ಏನೋ ಇತ್ತಲ್ಲ?" ಎಂದ, ಏನೂ ಆಗದವನಂತೆ.

"ಇತ್ತು! ಎಷ್ಟು ಧೈರ್ಯ ನೋಡು ಜನಕ್ಕೆ. ಊರಿಗೆಲ್ಲ ಜುಕಿನಿ ಹಂಚೋಳು ನಾನು, ನನ್ನ ಕಾರಲ್ಲೇ ತಂದಿಡೋದಾ? ಡೆಲ್ಬರ್ಟ್ ಅಂಗಡಿ ಮುಂದೆ ಅವನ ಟ್ರಕ್ ನಿಂತಿತ್ತು, ಒಳಗೆ ಹಾಕಿ ಬಂದೆ."

ಆರ್ವಿಡ್ ಕಾರಿನ ಕೀಲಿಗೆ ಕೈ ಚಾಚಿದ. ಆದರೂ ಕೇಳದೆ ಇರಲಾಗಲಿಲ್ಲ. "ನೋಡೋಕೆ ಹೇಗಿತ್ತು?"

"ಹೊಟ್ಟೆ ಉರಿಯೋದು ಅದಕ್ಕೇ. ನಾನು ಕೊಟ್ಟು ಬಂದಿದ್ದಕ್ಕಿಂತ ಚೆನ್ನಾಗಿತ್ತು. ಕಂಡೋರ ತೋಟದ್ದಕ್ಕೆ ನನ್ನ ಹೆಸರು ಹಾಕೋಳಲ್ಲ ನಾನು, ಅದಕ್ಕೇ ಬಿಟ್ಟೆ."

"ಎಷ್ಟು ಚೆನ್ನಾಗಿತ್ತು?"

"ನಿನಗೇನಾಗಿದೆ ಇವತ್ತು?" ಎಂದಳು ಮಾರ್ಲಿಸ್.

ಕ್ಷೌರದಂಗಡಿಯಲ್ಲಿ ಡೆಲ್ಬರ್ಟ್ ಯಾರದೋ ತಲೆಯ ಮೇಲೆ ಕತ್ತರಿ ಆಡಿಸುತ್ತಿದ್ದ. ಆರ್ವಿಡ್ ಏದುಸಿರು ಬಿಡುತ್ತ, "ನಿನ್ನ ಟ್ರಕ್‌ನಲ್ಲಿದ್ದ ಜುಕಿನಿ ಎಲ್ಲಿ? ನನಗೆ ಬೇಕು," ಎಂದಾಗ ಕತ್ತರಿ ನಿಂತೇಹೋಯಿತು. ಕುರ್ಚಿಯಲ್ಲಿದ್ದವನು ಅರ್ಧ ಕತ್ತರಿಸಿದ ತಲೆಯನ್ನೇ ಹೊರಳಿಸಿ ನೋಡಿದ. ಆಗಸ್ಟ್ ತಿಂಗಳಲ್ಲಿ ಜುಕಿನಿ ಬೇಕೆಂದು ಕೇಳುವ ಮನುಷ್ಯನನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

"ಅದನ್ನ ಆಗ್ಲೇ ಪಾದ್ರಿಯಮ್ಮನ ಕಾರಿಗೆ ದಾಟಿಸ್ಬಿಟ್ಟೆ ಕಣಯ್ಯ. ಪಾಪ, ಕಿಟಕಿ ಏರಿಸೋದು ಮರೆತಿದ್ರು."

"ಕೈಯಲ್ಲಿ ಹಿಡ್ಕೊಂಡಿದ್ಯಾ?"

"ಇನ್ನೇನು, ಕಾಲಲ್ಲಿ ಹಿಡ್ಕೋತಾರಾ?"

"ಹೇಗಿತ್ತು?"

"ಒಳ್ಳೆ ಎಳೇ ಕಾಯಿ. ತೂಕಾನೂ ಇತ್ತು. ಆ ಪಾದ್ರಿಯಮ್ಮನ ಪುಣ್ಯ ಬಿಡು."

ಮರದ ಕೆಲಸದಲ್ಲಿ ಊರಿಗೇ ಗುರುವಾದವನು ಮರವನ್ನು ಕೈಯಲ್ಲಿ ಹಿಡಿದು ಎಳೆಯ ಕಾಯಿ ಎಂದಿದ್ದ! ಆರ್ವಿಡ್‌ಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಡೆಲ್ಬರ್ಟ್ ಒಳಗಿನಿಂದ ತೋಳಿನುದ್ದದ ನಾಲ್ಕು ಜುಕಿನಿ ತಂದು ಅವನ ಕಂಕುಳಿಗೆ ತುರುಕಿದ. ಬೇಡವೆನ್ನಲು ಅವನಿಗೆ ಬಾಯಿರಲಿಲ್ಲ, ಬೇಕೆಂದು ಕೇಳಿದವನು ಅವನೇ.

ಪಾದ್ರಿಯಮ್ಮ ಇಗರ್ಜಿಯ ಮೆಟ್ಟಿಲ ಮೇಲೆ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. ಪ್ರಶ್ನೆ ಕೇಳಿ ಅವರ ಮುಖ ಕೆಂಪಾಯಿತು.

"ಆ ಜುಕಿನೀನ ಲವಾನ್ ಅವರ ಜಗಲಿ ಕುರ್ಚಿ ಮೇಲಿಟ್ಟು ಬಂದೆ, ಆರ್ವಿಡ್. ತಪ್ಪು ಅಂತ ಗೊತ್ತು. ಆದ್ರೆ ಅಷ್ಟು ಚೆಂದದ ಕಾಯಿ ಕೊಟ್ರೆ ಪಾಪ ಅಂತ ಅನ್ನಿಸ್ಲಿಲ್ಲ." ಆಮೇಲೆ ಅವರು ಕಾರಿನಲ್ಲಿದ್ದ ನಾಲ್ಕು ಜುಕಿನಿಗಳನ್ನೂ ಅವನ ಬೆವರಿದ ಮುಖವನ್ನೂ ನೋಡಿ ದನಿ ತಗ್ಗಿಸಿದರು. "ಮನೇಲಿ ಊಟಕ್ಕೆ ಏನಾದ್ರೂ ಕಷ್ಟ ಇದೆಯಾ? ನನ್ನ ಹತ್ರ ಸಂಕೋಚ ಬೇಡಿ."

"ಇಲ್ಲ ಇಲ್ಲ, ನನಗೆ ಆ ಒಂದು ಜುಕಿನಿ ಸಿಕ್ರೆ ಸಾಕು!"

ಹೀಗೆ ಹೇಳಿದ್ದರಿಂದ ಇನ್ನೂ ಕೆಟ್ಟಿತು. ಪಾದ್ರಿಯಮ್ಮನ ಕಣ್ಣಲ್ಲಿ ನೀರೇ ಬಂತು. ಅವನು ಬೇಡವೆಂದರೂ ಕೇಳದೆ ಒಂದು ಬುಟ್ಟಿ ತುಂಬ ಜುಕಿನಿ ತಂದಿಟ್ಟರು. ಕಾರು ತಿರುವು ದಾಟುವ ಮೊದಲೇ ಅವರು ಫೋನು ಕೈಗೆತ್ತಿಕೊಂಡಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಟಾಲೆಫ್ಸನ್ ಮನೆಯಲ್ಲಿ ಒಲೆ ಹೊತ್ತುತ್ತಿಲ್ಲವಂತೆ, ಪಾಪ, ಜುಕಿನಿಗೂ ಗತಿಯಿಲ್ಲವಂತೆ ಎಂಬ ಸುದ್ದಿ ಅವನಿಗಿಂತ ಮುಂಚೆ ಎಲ್ಲ ಬೀದಿಗಳನ್ನೂ ತಲುಪಿತು. ಪ್ರತಿ ತಿರುವಿನಲ್ಲೂ ಒಬ್ಬೊಬ್ಬರು ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿ, ಮರುಕದ ಮಾತಾಡಿ, ತಮ್ಮ ಮನೆಯ ಹೊರೆಯನ್ನೆಲ್ಲ ಹಿಂದಿನ ಸೀಟಿಗೆ ಇಳಿಸಿಕೊಂಡರು.

ಲವಾನ್‌ಳ ಜಗಲಿಯ ಕುರ್ಚಿ ಖಾಲಿಯಾಗಿತ್ತು. ಪಕ್ಕದ ಪಾತಿಯಲ್ಲಿ ಜುಕಿನಿ ಗಿಡಗಳ ಮೋಟುಗಳು ಮಾತ್ರ ಉಳಿದಿದ್ದವು. ಸುತ್ತ ಜಿಂಕೆಗಳ ಗೊರಸಿನ ಗುರುತು. ಆರ್ವಿಡ್ ಖಾಲಿ ಕುರ್ಚಿ ನೋಡಿದ, ಬೋಳು ಪಾತಿ ನೋಡಿದ, ಅವನ ತಲೆಗೆ ಏನೋ ಹೊಳೆಯಿತು. ಆಗಲೇ ಅಗ್ನಿಶಾಮಕ ಠಾಣೆಯ ಮಧ್ಯಾಹ್ನದ ಸೈರನ್ ಕೂಗಿತು. ಮೇಳದಲ್ಲಿ ಕೆತ್ತನೆಗಳನ್ನು ತೆಗೆದುಕೊಳ್ಳುವ ಹೊತ್ತು ಅಲ್ಲಿಗೆ ಮುಗಿಯಿತು. ಅವನು ಲವಾನ್‌ಳ ಮೆಟ್ಟಿಲ ಮೇಲೆ ಕುಸಿದು ಕೂತ. ಮೇಳಕ್ಕೆ ಹೋಗುವ ಕಾರಣವೇ ಉಳಿದಿರಲಿಲ್ಲ. ಆದರೂ ತನ್ನ ಕೂಸು ಅಲ್ಲಿ ಹೇಗಿದೆಯೆಂದು ನೋಡದೆ ಇರಲು ಮನಸ್ಸು ಒಪ್ಪಲಿಲ್ಲ.

ಮೇಳದ ತರಕಾರಿ ಷೆಡ್ಡಿನಲ್ಲಿ ಆಗಷ್ಟೇ ತೀರ್ಪು ಮುಗಿದು ಜನ ನೆರೆದಿದ್ದರು. ಮೇಜಿನ ನಡುವೆ, ಬಿಳಿ ತಟ್ಟೆಯ ಮೇಲೆ, ಅವನ ಜುಕಿನಿ ರಾಜಠೀವಿಯಿಂದ ಮಲಗಿತ್ತು. ಅದರ ಮುಂದೆ ನೀಲಿ ರಿಬ್ಬನ್. ಚೀಟಿಯ ಮೇಲೆ ಲವಾನ್‌ಳ ಹೆಸರು. ತೀರ್ಪುಗಾರರು ಹಾರ್ಲನ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ವ್ಯವಸಾಯ ಕಲಿಸಿದವರು, ಕಣ್ಣು ಮಂಜಾಗಿದ್ದರೂ ಕನ್ನಡಕ ಹಾಕದ ಸ್ವಾಭಿಮಾನಿ.

"ನೋಡ್ರಪ್ಪಾ," ಎನ್ನುತ್ತಿದ್ದರು ಮೇಷ್ಟ್ರು, "ಜುಕಿನಿ ಅಂದ್ರೆ ಹೀಗಿರಬೇಕು. ಎಂಥ ಚರ್ಮ! ಎಂಥ ಗೀರು! ಇಷ್ಟು ವರ್ಷದಲ್ಲಿ ಇಂಥದ್ದನ್ನ ಕಂಡಿಲ್ಲ ನಾನು."

ಲವಾನ್ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ತೀರ್ಪಿಗೆಂದು ಯಾರದೋ ಕಾರಿನಲ್ಲಿ ಬಂದಿದ್ದ ಮಾರ್ಲಿಸ್ ಎರಡನೆಯ ತಟ್ಟೆಯ ಹಿಂದೆ, ಅಭ್ಯಾಸದಂತೆ, ತುಟಿ ಬಿಗಿದು ನಿಂತಿದ್ದಳು.

ಆರ್ವಿಡ್ ಸುಮ್ಮನಿರಬಹುದಿತ್ತು. ಆದರೆ ಜೀವಮಾನದಲ್ಲಿ ಅವನಿಗೆ ಇಂಥ ಹೊಗಳಿಕೆ ಸಿಕ್ಕಿರಲಿಲ್ಲ. ಅದು ಇನ್ನೊಬ್ಬರ ಹೆಸರಿನಲ್ಲಿ ಸಂದುಹೋಗುವುದನ್ನು ನೋಡಲಾಗಲಿಲ್ಲ.

"ಅದು ನಂದು!" ಎಂದು ಕೂಗಿದ. "ಅದು ಮರ! ನಾನು ಕೆತ್ತಿದ್ದು!"

ಷೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಡೆಲ್ಬರ್ಟ್.

"ನೀನಾ? ಬಾತುಕೋಳಿ ಅಂತ ಬೂಟು ಕೆತ್ತಿದೋನು? ಇದನ್ನಾ?"

"ಪಾಪ, ಬಯ್ಯಬೇಡಿ, ಹಸಿವಿಗೆ ಹಾಗಾಡ್ತಿದಾರೆ," ಎಂದು ಪಾದ್ರಿಯಮ್ಮ ಪಿಸುಗುಟ್ಟಿದರು.

"ಬೇಕಾದ್ರೆ ತಟ್ಟಿ ನೋಡಿ, ಮೇಷ್ಟ್ರೇ!"

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತ್ತು. "ತಟ್ಟೋದೇನು! ನನಗೆ ಜುಕಿನಿ ಯಾವ್ದು, ಕಟ್ಟಿಗೆ ಯಾವ್ದು ಗೊತ್ತಿಲ್ವಾ? ಕೊಯ್ದೇ ತೋರಿಸ್ತೀನಿ!" ಎಂದವರೇ ಜೇಬಿನ ಚಾಕು ತೆಗೆದರು.

"ಬೇಡಾ!" ಎಂದು ಆರ್ವಿಡ್ ಎರಡೂ ಕೈ ಚಾಚಿಕೊಂಡು ಹಾರಿದ. ಅವನು ತಲುಪುವಷ್ಟರಲ್ಲಿ ಚಾಕು ಇಳಿದಿತ್ತು. ಇಳಿದದ್ದು ಸಿಕ್ಕಿಕೊಂಡಿತು. ಮೇಷ್ಟ್ರು ಬಲವಾಗಿ ತಿರುಚಿದರು. ಟಪ್ ಎಂದು ಜುಕಿನಿ ಉದ್ದಕ್ಕೂ ಸೀಳಿ ಎರಡು ಹೋಳಾಯಿತು, ಒಳಗಿನ ಸೀಸದ ಗುಂಡುಗಳು ಮೇಜಿನ ಮೇಲೆ ಟಣಟಣ ಉದುರಿ ಎಲ್ಲರ ಕಾಲ ನಡುವೆ ಉರುಳಿದವು.

ಡೆಲ್ಬರ್ಟ್ ಮುಂದೆ ಬಂದು ಒಂದು ಹೋಳನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಬೆರಳಿನಿಂದ ತೊಟ್ಟು ಸವರಿದ, ಹೂವಿನ ಗಾಯ ಸವರಿದ. ಆಮೇಲೆ ತಲೆಯ ಟೋಪಿ ತೆಗೆದ.

"ಆರ್ವಿಡ್," ಎಂದ, ದನಿ ಸಣ್ಣದಾಗಿತ್ತು, "ಇದನ್ನ ಬೆಳಿಗ್ಗೆ ಕೈಯಲ್ಲಿ ಹಿಡ್ಕೊಂಡು ನನಗೇ ಗೊತ್ತಾಗ್ಲಿಲ್ಲ. ನನ್ನ ಕೈಲಿ ಇಂಥದ್ದು ಆಗಲ್ಲಪ್ಪಾ."

"ಹಾಗಾದ್ರೆ ಕೆತ್ತನೆ ವಿಭಾಗದಲ್ಲಿ..." ಎಂದ ಆರ್ವಿಡ್.

"ಹೊತ್ತು ಮೀರಿದೆಯಲ್ಲ," ಎಂದ ಡೆಲ್ಬರ್ಟ್. " ಮುಂದಿನ ವರ್ಷ ಕೊಡು ಅನ್ನೋಣ ಅಂದ್ರೆ, ಒಡೆದದ್ದನ್ನ ತಗೊಳ್ಳಲ್ಲ."

ಲವಾನ್ ಅಳುವ ಮುಖ ಮಾಡಿದ್ದಳು. "ನಂದನ್ನೆಲ್ಲ ಜಿಂಕೆ ತಿಂದ್ಹಾಕ್ತು, ಆರ್ವಿಡ್. ಕುರ್ಚಿ ಮೇಲೆ ಇಷ್ಟು ಚೆಂದದ್ದು ಕಂಡ್ತು, ದೇವರೇ ಕೊಟ್ಟ ಅಂದ್ಕೊಂಡೆ." ಪಾದ್ರಿಯಮ್ಮ ಷೆಡ್ಡಿನ ಸೂರು ನೋಡಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ನೀಲಿ ರಿಬ್ಬನ್ನನ್ನು ಮರದ ಹೋಳುಗಳ ಮುಂದಿನಿಂದ ಎತ್ತಿದರು. "ನಿಯಮದ ಪ್ರಕಾರ," ಎಂದರು, "ಮೊದಲನೇದು ತರಕಾರಿ ಅಲ್ಲದೇ ಇದ್ರೆ ಎರಡನೇದು ಮೊದಲನೇದಾಗುತ್ತೆ."

ರಿಬ್ಬನ್ ಹೋಗಿ ಮಾರ್ಲಿಸ್‌ಳ ತಟ್ಟೆಯ ಮುಂದೆ ಕೂತಿತು.

ಮಾರ್ಲಿಸ್ ಕೂಗಿದ ಕೂಗು ಕುರಿಗಳ ಷೆಡ್ಡಿನವರೆಗೂ ಕೇಳಿತೆಂದು ಹೇಳುತ್ತಾರೆ. ಇಷ್ಟು ವರ್ಷ ಕಾದ ನೀಲಿ! ಎಲ್ಲರೆದುರೇ ಗಂಡನನ್ನು ತಬ್ಬಿಕೊಂಡಳು. "ಆರ್ವಿಡ್! ಇದು ನೀನೇ ಕೊಡಿಸಿದ್ದು!"

"ಹೌದು," ಎಂದ ಆರ್ವಿಡ್, ಅವಳ ಹೆಗಲ ಮೇಲಿನಿಂದ ತನ್ನ ಎರಡು ಹೋಳುಗಳನ್ನು ನೋಡುತ್ತ.

ಸಂಜೆ ಗೋಡೆಗೆ ಮೊಳೆ ಹೊಡೆದವನು ಅವನೇ, ನೇತುಹಾಕಿದ್ದು ಅವಳ ರಿಬ್ಬನ್ನು. ಕಾರಿನಲ್ಲಿದ್ದ ಜುಕಿನಿಗಳನ್ನು ಇಳಿಸಿದರೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವುಗಳ ಮೇಲೆ ಅಕ್ಕಪಕ್ಕದವರು ಮರುಕದಿಂದ ತಂದಿಟ್ಟ ಬಿಸಿಬಿಸಿ ಹಾಟ್‌ಡಿಶ್ ಎಂಬ ಮೇಲೋಗರದ ಪಾತ್ರೆಗಳು ಬೇರೆ, ಅವುಗಳಲ್ಲೂ ಜುಕಿನಿಯೇ.

ಮರುದಿನ ಬೆಳಿಗ್ಗೆ ಆರ್ವಿಡ್ ಕಾಫಿ ಹಿಡಿದು ಕಿಟಕಿಯ ಬಳಿ ಕೂತಿದ್ದಾಗ, ಎದುರಿನ ಜಗಲಿಯಲ್ಲಿ ಲವಾನ್ ತನ್ನ ಕುರ್ಚಿಯ ಮೇಲೆ ಯಾರೋ ಇಟ್ಟುಹೋದ ಜುಕಿನಿಯನ್ನು ಎತ್ತಿಕೊಂಡಳು. ಬಯ್ಯಲಿಲ್ಲ. ಮೊದಲು ಬೆರಳು ಮಡಿಸಿ ಅದನ್ನು ತಟ್ಟಿ ನೋಡಿದಳು. ರಸ್ತೆಯಾಚೆ ಟ್ರಕ್ಕಿನ ಬಾಗಿಲು ತೆಗೆದ ಡೆಲ್ಬರ್ಟ್ ಕೂಡ ಸೀಟಿನ ಮೇಲೆ ಸಿಕ್ಕಿದ್ದನ್ನು ಹಾಗೇ ತಟ್ಟಿ, ಕಿವಿಗೆ ಹಿಡಿದು ಕೇಳಿದ. ಇಂದಿಗೂ ನಮ್ಮೂರಿನಲ್ಲಿ ತಟ್ಟಿ ನೋಡದೆ ಯಾರೂ ಜುಕಿನಿ ಕೊಯ್ಯುವುದಿಲ್ಲ.

"ಮಾರ್ಲಿಸ್, ಬೇಗ ಬಾ," ಎಂದು ಕರೆದ ಆರ್ವಿಡ್, ಎದೆಯುಬ್ಬಿಸಿ. "ನೋಡು, ಎಲ್ರೂ ತಟ್ಟಿ ನೋಡ್ತಿದಾರೆ!"

"ಆಮೇಲೆ ನೋಡ್ತೀನಿ," ಎಂದಳು ಅವಳು ಅಡುಗೆಮನೆಯಿಂದ. "ಮೊದಲು ನೀನು ಬಂದು ಇದನ್ನೆಲ್ಲ ತುರಿ."